ಪದಚರ್ಚೆ: ಲಡಾಖ್‌ನ ‘ಛುರ್ಪೊನ್’ಗೆ ನಮ್ಮ ‘ನೀರುಗಂಟಿ’ ಹೊಂದುತ್ತದೆಯೇ?

ಗೆಳೆಯರೆ,

ಲಡಾಖ್‌ನ ಬೌದ್ಧ ಹಳ್ಳಿಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಚ್ಚಿನ ಪದಗಳು ಹೇಗೋ ದಾರಿಗೆ ಬಂದವು. ಊರಿನ ಹೊಲಗಳಿಗೆ ನೀರು ಹಂಚುವವನ ಹೆಸರು ‘ಛುರ್ಪೊನ್’ ಒಂದು ಮಾತ್ರ ಕೈಗೆ ಸಿಗುತ್ತಿಲ್ಲ.

ಮೊದಲು ಆ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಲೇಹ್ ಸುತ್ತಮುತ್ತ ವರ್ಷಕ್ಕೆ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ಅಷ್ಟರಲ್ಲಿ ಬೆಳೆ ತೆಗೆಯುವ ಮಾತೇ ಇಲ್ಲ. ಮೇಲಿನ ಬೆಟ್ಟದಲ್ಲಿ ಹಿಮ ಕರಗಿ ಬರುವ ಹಳ್ಳವೇ ಊರಿಗೆ ಗತಿ. ಹಳ್ಳದಿಂದ ‘ಯುರಾ’ ಎಂಬ ಕಾಲುವೆ ತೆಗೆದು ಹೊಲಕ್ಕೆ ನೀರು ತರುತ್ತಾರೆ. ಕೆಲವು ಊರುಗಳಲ್ಲಿ ‘ಝಿಂಗ್’ ಎಂಬ ಚಿಕ್ಕ ಕಟ್ಟೆಯೂ ಇರುತ್ತದೆ. ರಾತ್ರಿಯೆಲ್ಲ ತುಂಬಿಸಿಕೊಂಡು ಬೆಳಗ್ಗೆ ಬಿಡುತ್ತಾರೆ. ಬಿತ್ತನೆ ಏಪ್ರಿಲ್, ಮೇ ಹೊತ್ತಿಗೆ. ಆಗ ಎತ್ತರದ ಹಿಮ ಇನ್ನೂ ಸರಿಯಾಗಿ ಕರಗಿರುವುದಿಲ್ಲ. ನೀರು ಕಡಿಮೆ, ಕೇಳುವವರು ಜಾಸ್ತಿ. (ಲಡಾಖ್‌ನವರೇ ಆದ ಎಂಜಿನಿಯರ್ ಚೆವಾಂಗ್ ನಾರ್ಫೆಲ್ ಅವರು 1987ರಲ್ಲಿ ಫುಕ್ತ್ಸೆ ಹಳ್ಳಿಯಲ್ಲಿ ಕಲ್ಲಿನ ಒಡ್ಡು ಹಾಕಿ, ಚಳಿಗಾಲದ ನೀರನ್ನು ಊರಿನ ಹತ್ತಿರವೇ ಹೆಪ್ಪುಗಟ್ಟಿಸಿದ್ದು ಇದೇ ಕೊರತೆ ನೀಗಲು. ಅದಕ್ಕೆ ನಾನು ‘ಹಿಮಗಟ್ಟೆ’ ಅಂತ ಬರೆದಿದ್ದೇನೆ. ‘ಕೃತಕ ಹಿಮನದಿ’ ಅಂದರೆ ಹರಿಯುವ ನದಿಯೇ ಕಣ್ಣ ಮುಂದೆ ಬರುತ್ತೆ, ಅಲ್ವಾ?)

ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ಅಂತ ನೋಡಿಕೊಳ್ಳುವವನೇ ಛುರ್ಪೊನ್. ಅಲ್ಲಿ ಕಾಲುವೆಯ ಬಾಯಿಗೆ ಬಾಗಿಲು ಗೀಗಿಲು ಇರುವುದು ಕಡಿಮೆ. ಕಲ್ಲು, ಹುಲ್ಲುಬೇರಿನ ಮಣ್ಣುಹೆಂಟೆ, ಹಳೇ ಬಟ್ಟೆ ತುರುಕಿ ಮುಚ್ಚಿರುತ್ತಾರೆ. ಸರದಿ ಬಂದಾಗ ಅದನ್ನು ಕಿತ್ತು, ಸಲಿಕೆಯಿಂದ ಮಡಿಯಿಂದ ಮಡಿಗೆ ನೀರು ತಿರುಗಿಸುತ್ತಾರೆ. ಯಾರಾದರೂ ಸುಮ್ನೆ ರಾತ್ರಿ ಹೋಗಿ ಹೆಂಟೆ ಎತ್ತಿಟ್ಟರೆ, ಆ ಜಗಳ ಬಿಡಿಸುವುದೂ ಇವನ ಪಾಲಿಗೇ.

‘ಛು’ ಅಂದರೆ ನೀರು, ‘ಪೊನ್’ ಅಂದರೆ ಒಡೆಯ. ಹಾಗಂತ ‘ನೀರೊಡೆಯ’ ಮಾಡಲು ಮನಸ್ಸಿಲ್ಲ. ನೀರೆಲ್ಲ ಅವನ ಸ್ವಂತದ್ದು ಅನ್ನಿಸುತ್ತದೆ, ಮೇಲಾಗಿ ಅಂಬಾರಿಯ ವಾಸನೆ ಬೇರೆ.

ಕೆಲಸ ನೋಡಿದರೆ ನೀರುಗಂಟಿಯೇ. ಕೋಲಾರ, ತುಮಕೂರು ಕಡೆಯವರಿಗೆ ವಿವರಿಸಬೇಕಿಲ್ಲ. ಕೆರೆಯ ತೂಬು ಎತ್ತುವವನು, ಅಚ್ಚುಕಟ್ಟಿನಲ್ಲಿ ಕೊನೆಯ ಗದ್ದೆಗೂ ನೀರು ಮುಟ್ಟಿಸುವವನು, ಸುಗ್ಗಿಯಲ್ಲಿ ಕಣದ ಹತ್ತಿರ ಬಂದು ತನ್ನ ಪಾಲಿನ ಆಯ, ಅಂದರೆ ಕೆಲಸಕ್ಕೆ ಊರು ಕೊಡುವ ಧಾನ್ಯ, ಪಡೆಯುವವನು. ಹೊಲದವನು ತನ್ನಿಷ್ಟಕ್ಕೆ ನೀರು ಕಟ್ಟಿಕೊಳ್ಳದೆ ಊರು ನೇಮಿಸಿದವನ ಮಾತಿಗೆ ಬಿಡುವುದು ಎರಡೂ ಕಡೆ ಒಂದೇ.

ನನ್ನ ಅಳುಕು ಬೇರೆ. ನಮ್ಮ ನೀರುಗಂಟಿ ಆಯಗಾರರಲ್ಲಿ, ಅಂದರೆ ಹೀಗೆ ಆಯ ಪಡೆದು ಊರ ಕೆಲಸ ಮಾಡುವವರಲ್ಲಿ, ಒಬ್ಬ. ಆ ಕೆಲಸ ಅಪ್ಪನಿಂದ ಮಗನಿಗೆ ಬರುವಂಥದ್ದು, ಹೆಚ್ಚಿನ ಕಡೆ ದಲಿತ ಮನೆತನಗಳದ್ದು. ನೀರು ಹಂಚುವವನ ಕೈಯಲ್ಲಿ ಹಲವು ಸಲ ಹೊಲವೇ ಇರುತ್ತಿರಲಿಲ್ಲ, ಇದ್ದರೆ ಊರು ಬಿಟ್ಟುಕೊಟ್ಟ ಇನಾಮು ತುಂಡು. ಲಡಾಖ್‌ನಲ್ಲಿ ಹಾಗಲ್ಲ. ಛುರ್ಪೊನ್ ಕೆಲಸ ಹಲವು ಊರುಗಳಲ್ಲಿ ಮನೆಯಿಂದ ಮನೆಗೆ ಸುತ್ತುತ್ತದೆ, ಕೆಲವು ಕಡೆ ಊರವರೇ ಆರಿಸುತ್ತಾರೆ. ಈ ವರ್ಷ ನೀರು ಹಂಚಿದವನು ಮುಂದಿನ ವರ್ಷ ಸರದಿಗೆ ಕಾಯುವ ರೈತ. ಇಡೀ ಬರಹದ ಜೀವ ಇರುವುದೇ ಇಲ್ಲಿ. ಆಡು ಕುರಿ ಕಾಯುವುದನ್ನೂ ಅವರು ಹೀಗೇ ಸರದಿಯಲ್ಲಿ ಮಾಡುತ್ತಾರೆ, ಅದಕ್ಕೆ ‘ರಾರೆಸ್’ ಅನ್ನುತ್ತಾರೆ. ‘ನೀರುಗಂಟಿ’ ಅಂದ ಕೂಡಲೇ ನಮ್ಮ ಓದುಗರಿಗೆ ಜಾತಿ, ಆಯ ಎಲ್ಲ ಜೊತೆಗೇ ಬರುತ್ತದೆ. ಅದನ್ನು ಅಡಿಟಿಪ್ಪಣಿ ಹಾಕಿ ತೊಳೆಯಲು ಆಗುವುದಿಲ್ಲ. ‘ಸೌಡಿ’ ಅನ್ನೋಣವೆಂದರೆ ಅದು ನಾಲೆಯಲ್ಲಿ ನೀರು ಬಿಡುವವನಿಗೆ ಇರುವ ಪದ, ಇಲಾಖೆಯ ಗೇಟು ನೆನಪಾಗುತ್ತದೆ.

ಹಾಗೆ ನೋಡಿದರೆ ಬೇರೆ ಪದಗಳು ಸಲೀಸು. ಬಾರ್ಲಿ ಹುರಿದು, ನೀರಿನ ಗಿರಣಿಯಲ್ಲಿ ಬೀಸಿ, ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುವ ‘ಙಂಫೆ’ಗೆ ‘ಹುರಿಹಿಟ್ಟು’ ಅಂತ ಹಾಕಿದೆ, ಚರ್ಚೆಯೇ ಬೇಡ. ಬಾರ್ಲಿಗೆ ಮಾತ್ರ ‘ಜವೆಗೋಧಿ’ ಬಳಸಲಿಲ್ಲ. ಉತ್ತರ ಕರ್ನಾಟಕದವರು ಅದನ್ನು ಗೋಧಿ ಅಂತಲೇ ಓದಿಕೊಳ್ಳುತ್ತಾರೆ. ಮಂತ್ರ ಕೆತ್ತಿದ ಕಲ್ಲುಗಳ ‘ಮಣಿಗೋಡೆ’ಯನ್ನು ಬಲಕ್ಕೆ ಬಿಟ್ಟುಕೊಂಡು ನಡೆಯುವುದಕ್ಕೆ ನಮ್ಮ ‘ಬಲಗೊಳ್ಳು’ ಎಷ್ಟು ಚೆನ್ನಾಗಿ ಕೂತಿತು ಅಂದರೆ, ‘ಪ್ರದಕ್ಷಿಣೆ’ ಬರೆದಿದ್ದ ಕಡೆಯೆಲ್ಲ ಹೊಡೆದುಹಾಕಿದೆ. ಊಟೆ, ಬುಗ್ಗೆಗಳಲ್ಲಿ ಇರುತ್ತವೆ ಎಂದು ನಂಬುವ ‘ಲು’ ಎಂಬ ನೀರಿನ ದೈವಗಳನ್ನು ‘ನಾಗ’ ಅನ್ನಲು ಧೈರ್ಯ ಇದೆ, ಟಿಬೆಟನ್ ಗ್ರಂಥಗಳಲ್ಲೇ ಸಂಸ್ಕೃತದ ನಾಗಕ್ಕೆ ಆ ಪದ ಇಟ್ಟಿದ್ದಾರೆ. ಆದರೆ ಅವುಗಳ ಚಿಕ್ಕ ಗುಡಿಯನ್ನು ‘ನಾಗಬನ’ ಅನ್ನಲಾರೆ, ಆ ಬೋಳು ಬೆಟ್ಟದಲ್ಲಿ ಬನ ಎಲ್ಲಿಂದ ಬರಬೇಕು!

ಸದ್ಯಕ್ಕೆ ಮೊದಲ ಸಲ ‘ಛುರ್ಪೊನ್’ ಅಂತಲೇ ಇಟ್ಟು, ಆಮೇಲೆ ‘ನೀರಿನ ಸರದಿಯವನು’ ಅಂತ ಎಳೆದುಕೊಂಡು ಹೋಗುತ್ತಿದ್ದೇನೆ. ಸ್ವಲ್ಪ ಉದ್ದ, ಸ್ವಲ್ಪ ಸಪ್ಪೆ.

ಬಲ್ಲವರಲ್ಲಿ ಕೇಳುವುದು ಇಷ್ಟು. ನಿಮ್ಮ ಕಡೆ ನೀರುಗಂಟಿ ಕೆಲಸ ಒಂದು ಮನೆತನಕ್ಕೆ ಸೇರದೆ, ರೈತರ ಮನೆಗಳ ನಡುವೆ ಸರದಿಯಲ್ಲಿ ನಡೆದದ್ದು ಉಂಟೇ? ಇದ್ದರೆ ಅವರನ್ನು ಏನೆಂದು ಕರೆಯುತ್ತಿದ್ದರು? ತೋಟಕ್ಕೆ ಹಳ್ಳದ ನೀರು ಹಂಚಿಕೊಳ್ಳುವ ಮಲೆನಾಡು, ಕರಾವಳಿಯ ಕಡೆಯವರೂ ದಯವಿಟ್ಟು ಹೇಳಿ. ನಿಘಂಟಿನ ಪದಕ್ಕಿಂತ ಮನೆಯಲ್ಲಿ ಹಿರಿಯರು ಆಡಿದ ಪದವೇ ಇದ್ದರೆ ಇನ್ನೂ ಒಳ್ಳೆಯದು.