ಮುತ್ಯಾನ ಕೈಗೆ ಒಂದು ಕಾಗದ

ಮೇ ಕೊನೆಗೆ ಇಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶಾಲೆ ಮುಗಿಯುತ್ತದೆ. ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗಿ, ಅಜ್ಜ-ಅಜ್ಜಿ ಹತ್ತಿರ ಬಿಟ್ಟು, ಕೆಲಸಕ್ಕೆ ವಾಪಸ್ ಬರುತ್ತೇವೆ. ಈ ಸಲ ಮಗನನ್ನು ಬಾಗಲಕೋಟೆಯಲ್ಲಿ ಬಿಟ್ಟು ಬರಲಿರುವ ಅಕ್ಕ ಒಬ್ಬರು ಕೇಳಿದರು: "ಸ್ವಂತ ಅಜ್ಜ-ಅಜ್ಜಿಗೂ ಆಸ್ಪತ್ರೆ ಅಂತ ಕಾಗದ ಬರೆದುಕೊಡಬೇಕಾ? ಕೊಟ್ಟರೆ ಅವರಿಗೆ ಬೇಜಾರಾಗಲ್ವಾ?"

ಬರೆದುಕೊಡಿ ಅಕ್ಕ. ನಾವಿಲ್ಲದಾಗ ಮಗುವಿನ ಚಿಕಿತ್ಸೆಗೆ ಅವರೇ ಒಪ್ಪಿಗೆ ಕೊಡಬಹುದು ಅನ್ನುವ ಕಾಗದ ಅದು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಮ್ಮ ತವರು ವಿಜಯಪುರ. ನಾವಿರುವುದು ಟೆಕ್ಸಾಸ್‌ನಲ್ಲಿ. ಮಗಳಿಗೆ ಆರು ವರ್ಷ ಇದ್ದಾಗ ಮೊದಲ ಸಲ ಅವಳನ್ನು ಅಪ್ಪ-ಅವ್ವನ ಹತ್ತಿರ ಬಿಟ್ಟು ಬಂದೆವು. ಅವಳಿಗೆ ಅವರು ಮುತ್ಯಾ ಮತ್ತು ಆಯಿ. ಒಂದು ಬ್ಯಾಗಿನ ತುಂಬ ಬಟ್ಟೆ ಕೊಟ್ಟೆವು, ಇನ್ನೊಂದರ ತುಂಬ ಆಟಿಕೆ ಕೊಟ್ಟೆವು. ಪಾಸ್‌ಪೋರ್ಟ್, ಓಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡು) ಕೊಟ್ಟೆವು. ಕಾಯಿಲೆ-ಕಸಾಲೆ ಅಂತ ಒಂದು ಸಾಲೂ ಬರೆದುಕೊಟ್ಟಿರಲಿಲ್ಲ.

ಜೂನ್‌ನಲ್ಲಿ ಒಂದು ದಿನ ಮುಂಜಾನೆ ಹತ್ತೂವರೆಗೆ ಅವಳು ಮಾಳಿಗೆ ಮೆಟ್ಟಿಲಿನಿಂದ ಕೈ ಊರಿ ಬಿದ್ದಳು. ಮೊಣಕೈಗಿಂತ ತುಸು ಮೇಲೆ ಎಲುಬು ಮುರಿಯಿತು. ಈ ವಯಸ್ಸಿನ ಮಕ್ಕಳಿಗೆ ಮೊಣಕೈ ಸುತ್ತ ಎಲುಬು ಮುರಿದರೆ ಹೆಚ್ಚಾಗಿ ಮುರಿಯುವುದು ಅಲ್ಲೇ. ಅಪ್ಪ ಆಟೋದಲ್ಲಿ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಒಯ್ದರು. ಎಕ್ಸ್‌ರೇ ಆಯಿತು. ಅರಿವಳಿಕೆ ಕೊಟ್ಟು, ಎಲುಬು ಕೂಡಿಸಿ, ತಂತಿ ಹಾಕಬೇಕು ಅಂದರು. ಬೆರಳು ಬಿಸಿ ಇದ್ದವು, ನಾಡಿ ಸರಿ ಇತ್ತು. ಹಾಗಾಗಿ ಆ ಗಳಿಗೆಯಲ್ಲೇ ಜೀವಕ್ಕೋ ಕೈಗೋ ಅಪಾಯ ಇರಲಿಲ್ಲ. ಆದರೆ ತಡ ಆದಷ್ಟೂ ಬಾವು ಏರುತ್ತದೆ, ನೋವಂತೂ ಇದ್ದೇ ಇರುತ್ತದೆ.

ಕೌಂಟರಿನಲ್ಲಿ ಕೇಳಿದರಂತೆ: "ಕೂಸಿನ ತಂದಿ-ತಾಯಿ ಎಲ್ಲಿ ಅದಾರ್ರೀ? ಸಹಿ ಅವರದ ಬೇಕು."

ವಿಜಯಪುರದಲ್ಲಿ ಹತ್ತೂವರೆ ಅಂದರೆ ಬೇಸಿಗೆಯಲ್ಲಿ ನಮಗೆ ಸರಿಯಾಗಿ ನಡುರಾತ್ರಿ ಹನ್ನೆರಡು. ನನ್ನ ಫೋನೂ ನಮ್ಮ ಮನೆಯವರ ಫೋನೂ ಸೈಲೆಂಟ್‌ನಲ್ಲಿದ್ದವು. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಅಪ್ಪನ ಹನ್ನೊಂದು ಮಿಸ್ಡ್ ಕಾಲ್. ಅಷ್ಟೊತ್ತಿಗೆ ಅಲ್ಲಿ ಸಂಜೆ ನಾಲ್ಕೂವರೆ. ವಿಡಿಯೊ ಕಾಲ್‌ನಲ್ಲಿ ಡಾಕ್ಟರ ಜೊತೆ ಮಾತಾಡಿ ಹೂಂ ಅಂದೆವು. ಆಪರೇಷನ್ ಆದದ್ದು ರಾತ್ರಿ. ಅರಿವಳಿಕೆ ಕೊಡಬೇಕಲ್ಲ, ಹೊಟ್ಟೆ ಖಾಲಿ ಇರಬೇಕು. ಮುಂಜಾನೆ ಅವಲಕ್ಕಿ ತಿಂದ ಕೂಸು ಇಡೀ ದಿನ ಊಟ ಇಲ್ಲದೆ, ನೀರು ಕೇಳುತ್ತಾ ಆಯಿ ತೊಡೆ ಮೇಲೆ ಮಲಗಿತ್ತು.

ಕೈ ಚೆನ್ನಾಗಿ ಕೂಡಿತು. ಈಗ ಅವಳು ಬ್ಯಾಡ್ಮಿಂಟನ್ ಆಡುತ್ತಾಳೆ.

ತುಂಬ ದಿನ ನಾನು ಆ ಆಸ್ಪತ್ರೆಯವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಎಷ್ಟೋ ತಿಂಗಳ ಮೇಲೆ ಅವ್ವ ಫೋನಿನಲ್ಲಿ ನಿಜ ಹೇಳಿದಳು. ಮಧ್ಯಾಹ್ನವೇ ಡಾಕ್ಟರು ಹೊರಗೆ ಬಂದು, "ಅಜ್ಜಾರ, ಕೂಸು ನಿಮ್ಮ ಕೈಯಾಗ ಐತಿ, ನೀವ ಸಹಿ ಮಾಡ್ರಿ, ನಡೀತದ" ಅಂದಿದ್ದರಂತೆ. ಅಪ್ಪ ಮಾಡಲಿಲ್ಲ. ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರಂತೆ. "ಏನರೆ ಹೆಚ್ಚು-ಕಡಿಮಿ ಆದ್ರ ಅಳಿಯಂದಿರಿಗೆ ಏನಂತ ಹೇಳ್ಲಿ? ಅವರ ಕೂಸು ಅದು" ಅಂದರಂತೆ.

ಅಪ್ಪ ಮೂವತ್ತು ವರ್ಷ ಸಾಲಿ ಮಾಸ್ತರಾಗಿದ್ದವರು. ಓಣಿಯ ಅರ್ಧ ಜನರ ಖರೀದಿ ಪತ್ರ, ಸಾಲದ ಪತ್ರಕ್ಕೆ ಸಾಕ್ಷಿ ಸಹಿ ಹಾಕಿದವರು. ಸ್ವಂತ ಮೊಮ್ಮಗಳ ಕಾಗದಕ್ಕೆ ಸಹಿ ಹಾಕಲು ಅವರಿಗೆ ಧೈರ್ಯ ಆಗಲಿಲ್ಲ. ಹೆದರಿದ್ದು ಆಪರೇಷನ್‌ಗಲ್ಲ, ನಮಗೆ. ಅದನ್ನು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೂಸನ್ನು ಅವರ ಕೈಗೆ ಕೊಟ್ಟಿದ್ದೆವು. ಕೂಸಿನ ಬಗ್ಗೆ ತೀರ್ಮಾನ ಮಾಡುವ ಹಕ್ಕು ನಿಮಗೂ ಇದೆ ಅಂತ ಬಾಯಿಬಿಟ್ಟು ಹೇಳಿರಲಿಲ್ಲ.

ಆ ಡಾಕ್ಟರು ಹೇಳಿದ್ದು ಸರಿಯೇ ಇತ್ತು. 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ ನೋಡಿ. ಅದಕ್ಕೂ ಮೊದಲಿದ್ದ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯ 89ನೇ ಕಲಂನಲ್ಲಿ ಇದೇ ಮಾತಿತ್ತು. ಹನ್ನೆರಡು ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆ, ಒಳ್ಳೆಯ ಉದ್ದೇಶದಿಂದ ಮಾಡುವ ಕೆಲಸಕ್ಕೆ ಪೋಷಕರ ಒಪ್ಪಿಗೆ ಸಾಕು. ಇಲ್ಲವೇ ಆ ಮಗುವಿನ ಹೊಣೆಯನ್ನು ಕಾನೂನಿನ ಪ್ರಕಾರ ಹೊತ್ತಿರುವ ಬೇರೆಯವರ ಒಪ್ಪಿಗೆಯೂ ನಡೆಯುತ್ತದೆ. ಒಪ್ಪಿಗೆ ಕೇಳುವಷ್ಟು ಸಮಯವೇ ಇಲ್ಲದಿದ್ದರೆ ಒಪ್ಪಿಗೆ ಇಲ್ಲದೆಯೂ ಚಿಕಿತ್ಸೆ ಮಾಡಬಹುದು ಅಂತ 30ನೇ ಕಲಂ ಇದೆ. ಜೀವ ಉಳಿಸುವುದು ಮೊದಲು, ಕಾಗದ-ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಅಂದರೆ ತುರ್ತು ಇದ್ದಾಗ ಕಾಗದ ಇಲ್ಲ ಅಂತ ಯಾರೂ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ತೊಂದರೆ ಆಗುವುದು ನಡುವಿನ ಸಂಗತಿಗಳಲ್ಲಿ. ಇವತ್ತೇ ಮಾಡಬೇಕು, ಆದರೆ ಈ ನಿಮಿಷವೇ ಅಲ್ಲ ಅನ್ನುವಂಥ ಆಪರೇಷನ್, ಹೊಲಿಗೆ, ಅಡ್ಮಿಟ್ ಮಾಡುವುದು. ಅಲ್ಲಿ ಆಸ್ಪತ್ರೆಯವರಿಗೆ ಸಂಕೋಚ, ನಮ್ಮ ಹಿರಿಯರಿಗೆ ಭಯ. ಈ ಹೊಣೆ ಇವರದು ಅಂತ ತೋರಿಸುವ ಒಂದು ಹಾಳೆ ಇದ್ದರೆ ಎರಡೂ ಕಡೆ ಹಗುರ.

ಮುಂದಿನ ವರ್ಷ ನಾವು ಬರೆದುಕೊಟ್ಟಿದ್ದು ಎರಡೇ ಪುಟ. ಒಂದು ಇಂಗ್ಲಿಷ್, ಒಂದು ಕನ್ನಡ. ಕನ್ನಡದ್ದು ಅಪ್ಪನಿಗಾಗಿ. ತಾನು ಯಾವುದರ ಮೇಲೆ ನಿಂತಿದ್ದೇನೆ ಅಂತ ಅವರು ತಾವೇ ಓದಿಕೊಳ್ಳಬೇಕು. ಇಂಗ್ಲಿಷ್ ಡಾಕ್ಟರಿಗೆ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಜನ ಮಹಾರಾಷ್ಟ್ರದ ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗುವ ರೂಢಿ ಇದೆಯಲ್ಲ, ಅಲ್ಲಿ ಕನ್ನಡದ ಹಾಳೆ ಒಂದೇ ಆದರೆ ಕಷ್ಟ.

ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ. ಕೈ ಮುರಿದ ದಿನ ಅವ್ವ ಗಾಬರಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಬರೆಸಿದ್ದಳು. ಆಮೇಲೆ ಬಿಲ್ಲು, ರಿಪೋರ್ಟು ಎಲ್ಲ ಅದೇ ಹೆಸರಿನಲ್ಲಿ ಬಂದವು. ಹುಟ್ಟಿದ ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಅಮೆರಿಕದಲ್ಲಿ ತಿಂಗಳು ಮೊದಲು ಬರುತ್ತದೆ, ನಮ್ಮಲ್ಲಿ ದಿನ ಮೊದಲು. 04/07 ಅಂದರೆ ಏಪ್ರಿಲ್ಲೋ ಜುಲೈಯೋ ಯಾರಿಗೆ ಗೊತ್ತಾಗಬೇಕು? ರಕ್ತದ ಗುಂಪು, ತೂಕ, ಯಾವ ಔಷಧ ಆಗಿಬರುವುದಿಲ್ಲ, ಹಾಕಿಸಿದ ಲಸಿಕೆಗಳ ಪಟ್ಟಿ, ಇಲ್ಲಿನ ಮಕ್ಕಳ ಡಾಕ್ಟರ ನಂಬರು ಇಷ್ಟು ಬರಲಿ. ಒಪ್ಪಿಗೆ ಯಾವುದಕ್ಕೆ ಅಂತ ಬಿಡಿಸಿ ಬರೆಯಿರಿ. ರಕ್ತ ಪರೀಕ್ಷೆ, ಎಕ್ಸ್‌ರೇ, ಸಲೈನ್, ಹೊಲಿಗೆ, ಅರಿವಳಿಕೆ, ಆಪರೇಷನ್, ರಕ್ತ ಕೊಡುವುದು, ಬೇರೆ ಊರಿನ ಆಸ್ಪತ್ರೆಗೆ ಸಾಗಿಸುವುದು. "ಎಲ್ಲಾ ಚಿಕಿತ್ಸೆಗೂ ಒಪ್ಪಿಗೆ" ಅಂತ ಒಂದೇ ಸಾಲು ಬರೆದರೆ ಕೌಂಟರಿನಲ್ಲಿ ಮತ್ತೆ ಪ್ರಶ್ನೆ ಬರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಅಂತಲೂ ಹಾಕಿ.

ಅಪ್ಪ, ಅವ್ವ ಇಬ್ಬರ ಹೆಸರೂ ಬೇರೆ ಬೇರೆಯಾಗಿ ಬರೆದೆವು. ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುತ್ತದೆ ಅಂತ ಸೇರಿಸಿದೆವು. ಅಪ್ಪ ಹೊಲಕ್ಕೆ ಹೋಗಿದ್ದರೆ ಅವ್ವ ಕಾಯುತ್ತಾ ಕೂರಬಾರದು. ಮೂರನೆಯದು ನಮ್ಮ ಕಾಕಾನ ಹೆಸರು.

ಇದೆಲ್ಲಕ್ಕಿಂತ ಮುಖ್ಯವಾದ ಸಾಲು ಒಂದಿದೆ. ಅದನ್ನು ನಮ್ಮ ಮನೆಯವರೇ ಕೂತು ಬರೆದರು. "ಮೊದಲು ನಮಗೆ ಫೋನ್ ಮಾಡಿ. ಅರ್ಧ ಗಂಟೆಯಲ್ಲಿ ನಾವು ಸಿಗದಿದ್ದರೆ ಡಾಕ್ಟರು ಹೇಳಿದ ಹಾಗೆ ನೀವೇ ತೀರ್ಮಾನ ಮಾಡಿ. ಆ ತೀರ್ಮಾನ ನಮ್ಮದೇ ತೀರ್ಮಾನ." ಬರೆದದ್ದನ್ನು ಅವರೇ ಫೋನ್ ಮಾಡಿ ಅಪ್ಪನಿಗೆ ಓದಿ ಹೇಳಿದರು. "ಮಾವಾರ, ಏನೇ ಆದರೂ ನಿಮ್ಮನ್ನ ನಾವು ಕೇಳಂಗಿಲ್ಲ" ಅಂದರು. ಈ ಮಾತು ಅಳಿಯನ ಬಾಯಿಂದಲೇ ಬರಬೇಕಿತ್ತು. ನಾನು ನೂರು ಸಲ ಹೇಳಿದ್ದರೂ ಆ ಕೆಲಸ ಆಗುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಮಕ್ಕಳು ಯಾರ ತವರಿನಲ್ಲಿ ಇರುತ್ತಾರೋ, ಆ ಕಡೆಯ ಅಳಿಯನೋ ಸೊಸೆಯೋ ದಯವಿಟ್ಟು ಇದನ್ನು ತಮ್ಮ ಬಾಯಾರೆ ಹೇಳಿ.

ಸಹಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಮಕ್ಕಳನ್ನು ಬಿಡಲು ನೀವೇ ಊರಿಗೆ ಹೋಗುತ್ತಿದ್ದರೆ ಅಲ್ಲೇ ಕೋರ್ಟಿನ ಹತ್ತಿರ ನೋಟರಿ ಮುಂದೆ ಸ್ಟ್ಯಾಂಪ್ ಪೇಪರಿನ ಮೇಲೆ ಮಾಡಿಸಿ. ಅದು ಎಲ್ಲಕ್ಕಿಂತ ಸುಲಭ. ತಂದೆ-ತಾಯಿ ಇಬ್ಬರೂ ಸಹಿ ಮಾಡಿ. ಹೋಗಲು ಆಗದವರು ಇಲ್ಲಿ ನೋಟರಿ ಮಾಡಿಸಿ ಅಪೊಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಹಾಗೆ ಸರಕಾರ ಕೊಡುವ ದೃಢೀಕರಣ) ಹಾಕಿಸಿ. ಭಾರತ 2005ರಿಂದ ಅದನ್ನು ಒಪ್ಪುವ ದೇಶಗಳ ಒಪ್ಪಂದದಲ್ಲಿದೆ. ಕೆನಡಾದವರಿಗೆ 11 ಜನವರಿ 2024ರಿಂದ ಈ ಅನುಕೂಲ ಬಂದಿದೆ. ಇಲ್ಲವಾದರೆ ಭಾರತದ ದೂತಾವಾಸದಲ್ಲಿ ಮಾಡಿಸಬಹುದು. ಮುಖತ್ಯಾರ ಪತ್ರದ (ಪವರ್ ಆಫ್ ಅಟಾರ್ನಿ) ರೂಪದಲ್ಲಿ ಮಾಡಿಸಿ ಕಳಿಸಿದರೆ, ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಬೇರೆಯಾಗಿರುವ ತಂದೆ-ತಾಯಿ ಇದ್ದರೆ, ಮಗುವಿನ ಬಗ್ಗೆ ಕೋರ್ಟಿನ ಆದೇಶ ಇದ್ದರೆ, ವಕೀಲರನ್ನು ಕೇಳದೆ ಏನೂ ಬರೆಯಬೇಡಿ.

ಹಣದ ಮಾತು ಯಾರೂ ಆಡುವುದಿಲ್ಲ. ಒಪ್ಪಿಗೆಯ ಜೊತೆಗೇ ಅಡ್ವಾನ್ಸ್ ಕೇಳುತ್ತಾರೆ. ಅಪ್ಪ-ಅವ್ವನ ಹೆಸರಿನ ವಿಮೆಯಲ್ಲಿ ಸಾಮಾನ್ಯವಾಗಿ ಮೊಮ್ಮಕ್ಕಳ ಹೆಸರು ಇರುವುದಿಲ್ಲ. ನಮ್ಮ ಅಪ್ಪ ಅವತ್ತು ಪಿಂಚಣಿ ಹಣ ತೆಗೆದು ಕಟ್ಟಿದ್ದರು, ನಮಗೆ ಹೇಳಲೂ ಇಲ್ಲ. ಈಗ ಮಕ್ಕಳು ಹೋಗುವ ಮೊದಲೇ ಅವರ ಖಾತೆಗೆ ಒಂದಿಷ್ಟು ಹಾಕಿರುತ್ತೇವೆ. ಮಕ್ಕಳಿಗೆ ಪ್ರಯಾಣದ ವಿಮೆಯನ್ನೂ ಮಾಡಿಸುತ್ತೇವೆ.

ಇನ್ನು ಜ್ವರದ ಔಷಧ. ಇದನ್ನು ತಾಯಂದಿರು ನಿಧಾನವಾಗಿ ಓದಿ. ಅಮೆರಿಕದ ಮಕ್ಕಳ ಟೈಲೆನಾಲ್‌ನಲ್ಲಿ 5 ಮಿ.ಲೀ.ಗೆ 160 ಮಿ.ಗ್ರಾಂ. ಔಷಧ ಇರುತ್ತದೆ. ಊರಿನಲ್ಲಿ ಸಿಗುವ ಪ್ಯಾರಾಸಿಟಮಾಲ್ ಸಿರಪ್‌ಗಳಲ್ಲಿ 5 ಮಿ.ಲೀ.ಗೆ 125 ಇರುವುದೂ ಉಂಟು, 250 ಇರುವುದೂ ಉಂಟು. ಎರಡೂ ಒಂದೇ ಔಷಧ, ಹೆಸರು ಬೇರೆ ಅಷ್ಟೇ. ಇಪ್ಪತ್ತು ಕೆಜಿ ಮಗುವಿಗೆ ಇಲ್ಲಿ ಏಳೂವರೆ ಮಿ.ಲೀ. ಕೊಡುತ್ತೇವೆ, ಅಂದರೆ 240 ಮಿ.ಗ್ರಾಂ. ಅದೇ ಅಳತೆ ನೆನಪಿಟ್ಟುಕೊಂಡು ಆಯಿ 250ರ ಬಾಟಲಿಯಿಂದ ಕೊಟ್ಟರೆ 375 ಹೋಗುತ್ತದೆ. ಅದಕ್ಕೆ ಚಮಚದ ಲೆಕ್ಕ ಹೇಳಬೇಡಿ. ತೂಕ ಮತ್ತು ಮಿ.ಗ್ರಾಂ. ಬರೆದುಕೊಡಿ. ಊರಿಗೆ ಹೋದ ದಿನವೇ ಅಲ್ಲಿನ ಮಕ್ಕಳ ಡಾಕ್ಟರಿಗೆ ತೋರಿಸಿ, ಯಾವ ಬಾಟಲಿ, ಎಷ್ಟು ಅಂತ ಬರೆಸಿಕೊಳ್ಳಿ. ಅದೇ ಭೇಟಿಯಲ್ಲಿ ಅಪ್ಪ-ಅವ್ವನನ್ನೂ ಪರಿಚಯ ಮಾಡಿಕೊಡಿ. ರಾತ್ರಿ ಎರಡಕ್ಕೆ ಓಡುವಾಗ ಗೊತ್ತಿರುವ ಮುಖ ಇದ್ದರೆ ದೊಡ್ಡ ಬಲ.

ಶೇಂಗಾ ಅಲರ್ಜಿ ಇರುವ ಮಕ್ಕಳಿದ್ದರೆ ಇನ್ನೂ ಎಚ್ಚರ. ನಮ್ಮ ಕಡೆ ಶೇಂಗಾ ಹಿಂಡಿ ಇಲ್ಲದ ಊಟವೇ ಇಲ್ಲ. ಬದನೆಕಾಯಿ ಎಣಗಾಯಿಯಲ್ಲೂ ಇದೆ, ಹೋಳಿಗೆಯಲ್ಲೂ ಇದೆ. "ಒಂಚೂರು ತಿಂದ್ರ ಏನಾಗ್ತದ" ಅನ್ನುವುದು ಪ್ರೀತಿಯ ಮಾತೇ. ಹಾಗಂತ ಬಿಡಬೇಡಿ. ಅಲರ್ಜಿ ವಿಪರೀತ ಆದಾಗ ಚುಚ್ಚುವ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಊರಿನ ಔಷಧ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಇಲ್ಲಿಂದಲೇ ಎರಡು ಒಯ್ಯಿರಿ, ಚುಚ್ಚುವುದನ್ನು ಅವರಿಗೆ ಕಲಿಸಿ.

ನಮ್ಮನ್ನು ಕೇಳದೆಯೇ ಮಾಡಬೇಕಾದ್ದು ಏನು ಅಂತಲೂ ಕನ್ನಡದ ಹಾಳೆಯಲ್ಲಿ ಬರೆದಿದ್ದೇವೆ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು. ಹಾವು ಕಚ್ಚಿದರೆ ನೇರ ಆಸ್ಪತ್ರೆ, ಮಂತ್ರ-ನಾಟಿ ಔಷಧ ಬೇಡ. ಉಸಿರಾಟದ ತೊಂದರೆ, ಫಿಟ್ಸ್, ತಲೆಗೆ ಪೆಟ್ಟು ಬಿದ್ದು ವಾಂತಿ ಆದರೆ 108ಕ್ಕೆ ಫೋನ್. ಇವಕ್ಕೆಲ್ಲ ಟೆಕ್ಸಾಸ್‌ನಲ್ಲಿ ಬೆಳಗಾಗುವುದನ್ನು ಕಾಯಬಾರದು.

ನಾವೂ ಒಂದು ಕೆಲಸ ಮಾಡಿಕೊಂಡೆವು. ಅಪ್ಪ, ಅವ್ವ, ಕಾಕಾ ಈ ಮೂವರ ನಂಬರಿನಿಂದ ಕರೆ ಬಂದರೆ ಸೈಲೆಂಟ್ ಇದ್ದರೂ ಗಂಟೆ ಬಾರಿಸುವ ಹಾಗೆ ಫೋನಿನಲ್ಲಿ ಹೊಂದಿಸಿದ್ದೇವೆ. ಎರಡು ನಿಮಿಷದ ಕೆಲಸ.

ಹಿರಿಯರು ಇಲ್ಲಿಗೆ ಬಂದಾಗಲೂ ಇದೇ ಮಾತು. ಆರು ತಿಂಗಳು ಇರಲು ಬರುತ್ತಾರೆ, ನಾವು ಆಫೀಸಿಗೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಟೆಕ್ಸಾಸ್‌ನಲ್ಲಿ ತಂದೆ-ತಾಯಿ ಸಿಗದಿದ್ದಾಗ, ಅವರು ಬೇಡ ಅಂತ ಹೇಳಿರದಿದ್ದರೆ, ಅಜ್ಜ-ಅಜ್ಜಿ ಒಪ್ಪಿಗೆ ಕೊಡಬಹುದು ಅಂತ ಇಲ್ಲಿನ ಕುಟುಂಬ ಕಾನೂನು, ಅಂದರೆ ಫ್ಯಾಮಿಲಿ ಕೋಡ್‌ನ 32.001ನೇ ಕಲಂನಲ್ಲೇ ಇದೆ. ಬ್ರಿಟನ್ನಿನ ಇಂಗ್ಲೆಂಡ್, ವೇಲ್ಸ್‌ನವರಿಗೆ 1989ರ ಚಿಲ್ಡ್ರನ್ ಆಕ್ಟ್‌ನಲ್ಲಿ, ಮಗುವನ್ನು ನೋಡಿಕೊಳ್ಳುತ್ತಿರುವವರು ಅದರ ಒಳಿತಿಗೆ ಸರಿಯಾದದ್ದನ್ನು ಮಾಡಬಹುದು ಅನ್ನುವ ಮಾತಿದೆ. ಆದರೂ ಮಕ್ಕಳ ಕ್ಲಿನಿಕ್‌ನಲ್ಲಿ, ಶಾಲೆಯಲ್ಲಿ ಅವರ ಹೆಸರು ಮೊದಲೇ ಬರೆಸಿಡಿ. ನಮ್ಮ ಅವ್ವನಿಗೆ ಇಂಗ್ಲಿಷ್ ಬಾರದು. "ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್" ಅನ್ನುವ ಮೂರು ಪದ ಅವಳಿಗೆ ಕಲಿಸಿದ್ದೇನೆ. ಕೇಂದ್ರ ಸರಕಾರದ ಹಣ ಪಡೆಯುವ ಆಸ್ಪತ್ರೆಗಳು ಇಲ್ಲಿ ಭಾಷೆ ಬಾರದವರಿಗೆ ಪುಕ್ಕಟೆ ಸಹಾಯ ಕೊಡಲೇಬೇಕು.

ಬೇಜಾರಾಗಲ್ವಾ ಅಂತ ಕೇಳಿದಿರಲ್ಲ ಅಕ್ಕ. ಕಾಗದ ಕೊಟ್ಟ ದಿನ ಅಪ್ಪ ಕನ್ನಡಕ ಹಾಕಿಕೊಂಡು ಕನ್ನಡದ ಹಾಳೆಯನ್ನು ಎರಡು ಸಲ ಓದಿದರು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಕಪಾಟಿನಲ್ಲಿ ಇಟ್ಟರು. ಏನೂ ಅನ್ನಲಿಲ್ಲ.

ಕಳೆದ ಜುಲೈನಲ್ಲಿ ಒಂದು ದಿನ ಸಂಜೆ ಏಳಕ್ಕೆ, ಆಫೀಸಿನಿಂದ ಬಂದು ಚಹಾಕ್ಕೆ ಇಟ್ಟಿದ್ದೆ. ವಿಜಯಪುರದಲ್ಲಿ ಆಗ ಮುಂಜಾನೆ ಐದೂವರೆ. ಫೋನ್ ಬಾರಿಸಿತು. ಅಪ್ಪನ ಧ್ವನಿ ಸಮಾಧಾನವಾಗಿತ್ತು.

"ಯವ್ವಾ, ಹುಡುಗಿಗೆ ರಾತ್ರಿ ಜ್ವರ ಭಾಳ ಬಂದಿತ್ತು. ದವಾಖಾನಿಗೆ ಕರಕೊಂಡು ಹೋಗಿದ್ದೆ. ರಕ್ತ ತಪಾಸಣಿ ಮಾಡ್ಸೇನಿ, ಸಲೈನ್ ಹಚ್ಚ್ಯಾರ, ಈಗ ಇಳದದ. ಸಹಿ ನಾನ ಮಾಡೇನಿ."