ಸಹಾಯ ಬೇಕು: ತುಮಕೂರಿನಲ್ಲಿ ಕ್ರೈಸ್ತ ದೇವತಾಶಾಸ್ತ್ರ (ಥಿಯಾಲಜಿ) ಓದಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಅಜ್ಜನ ಕಾಲದಿಂದ ಸಿಎಸ್‌ಐ (ದಕ್ಷಿಣ ಭಾರತ ಸಭೆ ಅನ್ನೋ ಪ್ರೊಟೆಸ್ಟೆಂಟ್ ಚರ್ಚ್) ಸಭೆ. ಪ್ರಭು ಭೋಜನದ ದಿನ ‘ತಂದೆ, ಮಗ ಒಂದೇ ಸತ್ವ’ (ಅಂದರೆ ದೇವರು, ಯೇಸು) ಅಂತ ವಿಶ್ವಾಸ ಪ್ರಮಾಣ ಬಾಯಿಪಾಠ ಒಪ್ಪಿಸುತ್ತೇನೆ. ಕ್ರಿ.ಶ. 325ರಲ್ಲಿ ಈಗಿನ ಟರ್ಕಿಯಲ್ಲಿರುವ ನಿಕೇಯದಲ್ಲಿ ಬಿಷಪ್‌ಗಳು ಜೋರು ವಾದ ಮಾಡಿ ತೀರ್ಮಾನಿಸಿದ ಮಾತಿದು. ಮಗ ಹುಟ್ಟಿದವನಾದರೆ ಅದಕ್ಕೂ ಮುಂಚೆ ಇರಲಿಲ್ಲ ತಾನೇ ಅಂದವನು ಆಗಿನ ಪಾದ್ರಿ ಅರಿಯಸ್. ಅವನದು ತಪ್ಪು ಅಂತ ಗೊತ್ತು, ಯಾಕೆ ತಪ್ಪು ಅಂತ ತಿಳಿಯಬೇಕು.

ಸಭೆಯಲ್ಲಿ ಕೇಳಿದರೆ ‘ಅದು ಮರ್ಮ, ಸುಮ್ನೆ ನಂಬಮ್ಮ’ ಅಂತಾರೆ. ಗಾಯ ಮುಟ್ಟದೆ ನಂಬಲ್ಲ ಅಂದ ಶಿಷ್ಯ ತೋಮನನ್ನು ಯೇಸು ಹೊರಗೆ ಕಳಿಸಲಿಲ್ಲ, ಅಲ್ವಾ?

ಕೂತು ಮಾತಾಡುವವರು ಬೇಕು, ಕ್ಯಾಥೊಲಿಕ್ ಆದರೂ ಸರಿ. ಕನ್ನಡ ಪುಸ್ತಕ ಇದ್ದರೂ ತಿಳಿಸಿ. ಯೂಟ್ಯೂಬ್ ಪ್ರಸಂಗದ ಲಿಂಕ್ ಮಾತ್ರ ಬೇಡ, ಜಾಸ್ತಿನೇ ನೋಡಿ ಆಗಿದೆ. ಸಂಜೆ ಹೊತ್ತು ಬಿ.ಎಚ್. ರಸ್ತೆ, ಟೌನ್ ಹಾಲ್ ಕಡೆ ಎಲ್ಲಿಗಾದರೂ ಬರುತ್ತೇನೆ.