ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ ಇಷ್ಟು ಬೆಳೆದದ್ದು ಯಾರ ಹಣದಿಂದ?

ಪ್ರಶ್ನೆ – ಕಡಲತಡಿ

ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಆರಂಭವಾದ ಒಂದು ಹೋಮಿಯೋಪಥಿ ಔಷಧಾಲಯವು ಇಂದು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಾಗಿ, ವೈದ್ಯಕೀಯ, ಹೋಮಿಯೋಪಥಿ ಮತ್ತು ನರ್ಸಿಂಗ್ ಕಾಲೇಜುಗಳ ಸಮೂಹವಾಗಿ ನಿಂತಿದೆ. ಇಂತಹ ಸಂಸ್ಥೆಗಳ ಮಾತು ಬಂದಾಗ ‘ಹೊರದೇಶದ ಮಿಷನ್ ಹಣ’ ಎಂದು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ದೇಣಿಗೆಯಿಂದ ಆರಂಭ ಮಾಡಬಹುದು, ಆದರೆ ಒಂದೂವರೆ ಶತಮಾನ ನಡೆಸಿಕೊಂಡು ಹೋಗಲು ಸಾಧ್ಯವೇ? ಅಲ್ಲದೆ, ಶುಲ್ಕ ಪಡೆಯುವ ಕಾಲೇಜುಗಳು ಬಂದ ಮೇಲೆ ಇದನ್ನು ಧರ್ಮಾರ್ಥ ಸಂಸ್ಥೆ ಎನ್ನುವುದು ಯಾವ ಅರ್ಥದಲ್ಲಿ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ – ಹಳೆಯ ಕಡತ

ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ (ಜೆಸ್ವಿಟ್) ಗುರುಗಳ ಮೊದಲ ತಂಡ 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿಯಿತು. ಜರ್ಮನ್ ಮೂಲದ ಅಗಸ್ಟಸ್ ಮುಲ್ಲರ್ ಆ ತಂಡದಲ್ಲಿದ್ದರು. ಅವರನ್ನು ಕಳುಹಿಸಿದ್ದು ಪಾಠ ಹೇಳಲು. ಹೋಮಿಯೋಪಥಿ ಅವರ ಸ್ವಂತ ಆಸಕ್ತಿಯಾಗಿತ್ತು. ವಿದ್ಯಾರ್ಥಿಗಳಿಗೆ ಕೊಡತೊಡಗಿದ ಔಷಧಿಯ ಸುದ್ದಿ ಊರಿಗೆ ಹರಡಿ, ಕಂಕನಾಡಿಯಲ್ಲಿ ಜನ ಸೇರಲಾರಂಭಿಸಿದರು.

ನಿಮ್ಮ ಪ್ರಶ್ನೆಯ ಮುಖ್ಯ ಉತ್ತರ ಆ ಔಷಧಿಯಲ್ಲೇ ಇದೆ. ಮುಲ್ಲರ್ ಅವರು ಬಡವರಿಗೆ ಉಚಿತವಾಗಿ ಕೊಡುತ್ತಿದ್ದ ಅದೇ ಔಷಧಿಗಳನ್ನು ಕೊಳ್ಳಬಲ್ಲವರಿಗೆ ಅಂಚೆಯ ಮೂಲಕ ದೇಶದ ನಾನಾ ಕಡೆ ಮಾರಿದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಇಲ್ಲಿಂದ ಒಳನಾಡಿನ ಊರುಗಳಿಗೆ ಭಾರದ ಸರಕು ಸಾಗಿಸುವುದು ಸುಲಭವಿರಲಿಲ್ಲ. ಆದರೆ ಬೆರಳುದ್ದದ ಸೀಸೆಯಲ್ಲಿ ತುಂಬಿದ ಸಕ್ಕರೆ ಗುಳಿಗೆಗೆ ತೂಕವೆಷ್ಟು? ಸಣ್ಣ ಪೊಟ್ಟಣದಲ್ಲಿ ಅಂಚೆಗೆ ಹಾಕಿದರೆ ಸಾಕು. ಹೀಗೆ ಬಂದ ಆದಾಯ ಮತ್ತು ಅದರ ಜೊತೆಗೆ ಸಂಗ್ರಹಿಸಿದ ದೇಣಿಗೆಗಳ ಬಲದಿಂದ 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವೂ 1895ರಲ್ಲಿ ಆಸ್ಪತ್ರೆಯೂ ಆದವು. ಪ್ಲೇಗ್ ಬಂದಾಗ ಅದಕ್ಕೆಂದೇ ಪ್ರತ್ಯೇಕ ಆಸ್ಪತ್ರೆಯನ್ನು ತೆರೆದರು. ಮುಲ್ಲರ್ 1910ರ ನವೆಂಬರ್ 1ರಂದು ತೀರಿಕೊಂಡರು. ಔಷಧಿ ತಯಾರಿಕೆ ಇಂದಿಗೂ ಮುಂದುವರಿದಿದೆ.

ಉತ್ತರ – ವಾರ್ಡಿನವರು

ಮೇಲಿನ ಉತ್ತರಕ್ಕೆ ಎರಡು ಮಾತು ಸೇರಿಸುತ್ತೇನೆ. ಹೋಮಿಯೋಪಥಿ ಗುಳಿಗೆಯ ಪರಿಣಾಮವನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ, ವೃತ್ತಿಯಿಂದ ನರ್ಸ್ ಆದ ನಾನೂ ಒಪ್ಪುವುದಿಲ್ಲ. ಹಾಗೆಂದು ಆ ಕಾಲದ ಸೇವೆಯನ್ನು ಗುಳಿಗೆಯೊಂದರಿಂದಲೇ ಅಳೆಯಲು ಬರುವುದಿಲ್ಲ. ಕುಷ್ಠರೋಗಕ್ಕೆ ಕೆಲಸ ಮಾಡುವ ಔಷಧಿ ಬಳಕೆಗೆ ಬಂದದ್ದು 1940ರ ದಶಕದಲ್ಲಿ, ಡ್ಯಾಪ್ಸೋನ್ ಮತ್ತು ಅದರ ಜಾತಿಯ ಔಷಧಿಗಳಿಂದ. ಈಗಿನ ಬಹು ಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1980ರ ದಶಕದ ಆರಂಭದಲ್ಲಿ. ಡ್ಯಾಪ್ಸೋನ್ ಬರುವುದಕ್ಕೂ ಮುಂಚಿನ ಐವತ್ತು ವರ್ಷ, ಮನೆಯವರೂ ಹತ್ತಿರ ಸೇರಿಸದ ರೋಗಿಗೆ ಸಿಗುತ್ತಿದ್ದದ್ದು ಊಟ, ಬಟ್ಟೆ, ನೆತ್ತಿಯ ಮೇಲೊಂದು ಸೂರು ಮತ್ತು ಹುಣ್ಣು ತೊಳೆದು ಕಟ್ಟುವ ಕೈಗಳು. ಸ್ಪರ್ಶಜ್ಞಾನವಿಲ್ಲದ ಪಾದದ ಹುಣ್ಣನ್ನು ಪ್ರತಿದಿನ ನೆನೆಸಿ, ಗಟ್ಟಿಯಾದ ಅಂಚನ್ನು ಕೆರೆದು, ಎಣ್ಣೆ ಹಚ್ಚಿ ಬಟ್ಟೆ ಸುತ್ತದಿದ್ದರೆ ಅದು ಎಲುಬಿಗೆ ಇಳಿಯುತ್ತದೆ. ಈ ಕೆಲಸವನ್ನು ಯಾವ ಔಷಧಿಯೂ ತಪ್ಪಿಸಿಲ್ಲ.

ಇಂತಹ ಆಸ್ಪತ್ರೆಗಳು ಬೆಳೆಯಲು ಮತ್ತೊಂದು ಕಾರಣ ಕನ್ಯಾಸ್ತ್ರೀಯರ ದುಡಿಮೆ. ಅವರು ವೈಯಕ್ತಿಕವಾಗಿ ಸಂಬಳ ಇಟ್ಟುಕೊಳ್ಳುವುದಿಲ್ಲ. ಲೆಕ್ಕಪತ್ರದಲ್ಲಿ ಸರಿಯಾಗಿ ಕಾಣದ ಈ ದೇಣಿಗೆಯನ್ನು ಹಣಕಾಸಿನ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ ಎಂಬುದು ನನ್ನ ಆಕ್ಷೇಪ.

ಉತ್ತರ – ಲೆಕ್ಕಿಗ

ಪ್ರಶ್ನೆಯ ಎರಡನೆಯ ಭಾಗವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸಂಸ್ಥೆ ಈಗ ಮಂಗಳೂರು ಧರ್ಮಪ್ರಾಂತ್ಯದ, ಅಂದರೆ ಇಲ್ಲಿನ ಕ್ಯಾಥೊಲಿಕ್ ಬಿಷಪರ, ಅಧೀನದಲ್ಲಿದೆ. ಆದಾಯ ತೆರಿಗೆ ಕಾಯಿದೆಯ ಪ್ರಕಾರ ವಿನಾಯಿತಿ ಬಯಸುವ ಯಾವುದೇ ಧರ್ಮಾರ್ಥ ಟ್ರಸ್ಟ್, ಅದು ಮಠದ್ದಿರಲಿ, ಚರ್ಚಿನದ್ದಿರಲಿ, ಸಾಮಾನ್ಯವಾಗಿ ತನ್ನ ಆದಾಯದ ಶೇ. 85ನ್ನು ತನ್ನ ಉದ್ದೇಶಗಳಿಗೇ ವಿನಿಯೋಗಿಸಬೇಕು. ಕಟ್ಟಡ ಕಟ್ಟುವುದು, ಯಂತ್ರ ಕೊಳ್ಳುವುದು ಕೂಡ ಈ ವಿನಿಯೋಗದಲ್ಲಿ ಸೇರುತ್ತದೆ. ಲಾಭ ಹಂಚಿಕೊಳ್ಳುವ ಪಾಲುದಾರರಿಲ್ಲ, ಹಣ ಪೇರಿಸಿಡಲು ಮಿತಿಯಿದೆ. ಹಾಗಾಗಿ ಉಳಿದ ಹಣ ಹೊಸ ಕಟ್ಟಡವಾಗುತ್ತದೆ. ನಮ್ಮ ರಾಜ್ಯದ ಎಷ್ಟೋ ಧರ್ಮಾರ್ಥ ಸಂಸ್ಥೆಗಳು ಮಹಡಿಯ ಮೇಲೆ ಮಹಡಿ ಏರಿಸುತ್ತಿರುವುದರ ಹಿಂದೆ ಸೇವಾಭಾವದಷ್ಟೇ ಈ ಕಾಯಿದೆಯೂ ಇದೆ.

ಇನ್ನು ಕಾಲೇಜುಗಳು. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ಎಂಬಿಬಿಎಸ್ ಕಾಲೇಜು ಬಂದವು. ಇದೇ ಊರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1950ರ ದಶಕದಲ್ಲಿ ಆರಂಭವಾದಾಗ ವೆನ್‌ಲಾಕ್‌ನಂತಹ ಸರ್ಕಾರಿ ಆಸ್ಪತ್ರೆಯನ್ನು ಆಶ್ರಯಿಸಬೇಕಾಯಿತು. ಕಂಕನಾಡಿಯಲ್ಲಿ ಆಸ್ಪತ್ರೆ ಮೊದಲೇ ಇತ್ತು, ಕಾಲೇಜು ಅದರ ಪಕ್ಕಕ್ಕೆ ಬಂದಿತು. ವೈದ್ಯಕೀಯ ಕಾಲೇಜಿನ ಮಾನ್ಯತೆ ಉಳಿಯಬೇಕಾದರೆ ಹಾಸಿಗೆಗಳಲ್ಲಿ ನಿಗದಿತ ಪ್ರಮಾಣದ ರೋಗಿಗಳಿರಬೇಕು, ಹಳ್ಳಿಯಲ್ಲಿ ಆರೋಗ್ಯ ತರಬೇತಿ ಕೇಂದ್ರವಿರಬೇಕು. ಆದುದರಿಂದ ಇಂದು ಯಾವ ಖಾಸಗಿ ವೈದ್ಯಕೀಯ ಕಾಲೇಜಿನ ಜನರಲ್ ವಾರ್ಡೇ ಆಗಲಿ, ಅಲ್ಲಿನ ರಿಯಾಯಿತಿಯಲ್ಲಿ ಎಷ್ಟು ಪಾಲು ದಾನ, ಎಷ್ಟು ಪಾಲು ಅಗತ್ಯ ಎಂದು ಬಿಡಿಸಿ ಹೇಳುವುದು ಕಷ್ಟ. ರೋಗಿಗೆ ಬಿಲ್ಲು ಕಡಿಮೆಯಾದರೆ ಸಾಕು, ನಿಜ. ಆದರೆ ನೀವು ಕೇಳಿದ್ದು ‘ಯಾವ ಅರ್ಥದಲ್ಲಿ’ ಎಂದು.

ಪ್ರಶ್ನೆ ಕೇಳಿದವರು – ಕಡಲತಡಿ

ಮೂವರಿಗೂ ಧನ್ಯವಾದಗಳು. ಹಾಗಾದರೆ ಅಂದು ಔಷಧಿ ಕೊಂಡವರ ಹಣ ಕುಷ್ಠರೋಗಿಯ ಊಟಕ್ಕೆ ಹೋಯಿತು. ಇಂದು ವಿದ್ಯಾರ್ಥಿಯ ಶುಲ್ಕ ಮತ್ತು ಸ್ಪೆಷಲ್ ವಾರ್ಡಿನ ಬಾಡಿಗೆ ಜನರಲ್ ವಾರ್ಡಿಗೆ ಹೋಗುತ್ತದೆ ಎಂದುಕೊಳ್ಳಬಹುದೇ?

ಉತ್ತರ – ಲೆಕ್ಕಿಗ

ಕ್ರಮ ಅದೇ, ಆದರೆ ಒಂದು ವ್ಯತ್ಯಾಸವಿದೆ. ಗುಳಿಗೆ ಮಾರುವುದಕ್ಕೆ ಬೇಕಾದ ಬಂಡವಾಳ ಅತ್ಯಲ್ಪ, ಹಾಗಾಗಿ ಬಂದದ್ದರಲ್ಲಿ ಬಹುಪಾಲು ಬಡವನಿಗೆ ಉಳಿಯುತ್ತಿತ್ತು. ವೈದ್ಯಕೀಯ ಕಾಲೇಜು ಹಾಗಲ್ಲ. ಅದು ಅಧ್ಯಾಪಕರ ವೇತನ, ಪ್ರಯೋಗಾಲಯ, ವಿದ್ಯಾರ್ಥಿನಿಲಯ ಎಂದು ತಾನು ತಂದ ಹಣದ ದೊಡ್ಡ ಭಾಗವನ್ನು ಮೊದಲು ತಾನೇ ಉಣ್ಣುತ್ತದೆ. ಯಾವುದೇ ಧರ್ಮಾರ್ಥ ಆಸ್ಪತ್ರೆಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ಒಟ್ಟು ಆದಾಯದ ಅಂಕಿಯನ್ನು ಬಿಟ್ಟು, ರಿಯಾಯಿತಿ ಮತ್ತು ಉಚಿತ ಚಿಕಿತ್ಸೆಯ ಸಾಲನ್ನು ಹುಡುಕಿ, ಅದನ್ನು ಅದೇ ವರ್ಷದ ಕಟ್ಟಡ ವೆಚ್ಚದ ಪಕ್ಕದಲ್ಲಿಟ್ಟು ನೋಡಿ.